ವೃದ್ಧೆಯರ ಗೆಳೆತನ ಮತ್ತು ಮರೆವು: ನಮ್ಮ ಕಥಾಸಾಹಿತ್ಯವನ್ನು ಕುರಿತು ಒಂದು ವಿಚಾರ

೧

ಕನ್ನಡದ ಕಥೆ ಕಾದಂಬರಿಗಳನ್ನು ಓದಿದವರಿಗೆ ಅಜ್ಜಿ ಅಪರಿಚಿತಳಲ್ಲ. ಮೊಮ್ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಕಥೆ ಹೇಳುವ ಅಜ್ಜಿ, ಮಡಿ ಮೈಲಿಗೆಯೆಂದು ಮನೆಯವರನ್ನೆಲ್ಲ ಗೋಳುಹುಯ್ದುಕೊಳ್ಳುವ ಅಜ್ಜಿ, ಸೊಸೆಯನ್ನು ಕಾಡುವ ಅತ್ತೆ, ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿನ ಅಡಿಗೆಮನೆಯಲ್ಲಿ ಮುದುಕಿಯಾದ ಸೋದರತ್ತೆ, ಹೀಗೆ ಆಕೆ ನಾನಾ ರೂಪಗಳಲ್ಲಿ ನಮಗೆ ದರ್ಶನ ಕೊಟ್ಟಿದ್ದಾಳೆ. ನಾವು ಉಪಾಧ್ಯಾಯರು ತರಗತಿಯಲ್ಲಿ ಇವಳ ಪಾತ್ರಚಿತ್ರಣವನ್ನು ಎಷ್ಟೋ ಸಲ ಬರೆಯಿಸಿದ್ದೇವೆ. ಉತ್ತರಪತ್ರಿಕೆಗಳಲ್ಲಿ ತಿದ್ದಿಯೂ ಇದ್ದೇವೆ. ಆದರೆ ಒಂದು ಪ್ರಶ್ನೆಯನ್ನು ನಾವು ಯಾವ ಪತ್ರಿಕೆಯಲ್ಲಿಯೂ ಕೇಳಿದಂತೆ ನೆನಪಿಲ್ಲ. ಈ ಅಜ್ಜಿಗೆ ಗೆಳತಿ ಯಾರು?

ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ಯೋಚಿಸುತ್ತ ಹೋದಂತೆ, ನಮ್ಮ ಸಾಹಿತ್ಯವು ಮುದುಕಿಯನ್ನು ಯಾವ ಕಡೆಯಿಂದ ನೋಡಿದೆ, ಯಾವ ಕಡೆಯಿಂದ ನೋಡಿಲ್ಲ ಎಂಬುದನ್ನು ಈ ಒಂದು ಪ್ರಶ್ನೆ ಬಯಲಿಗೆಳೆಯುತ್ತದೆಂದು ಕಂಡಿತು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಕಥಾಸಾಹಿತ್ಯ ಅಜ್ಜಿಯನ್ನು ಬಹುಮಟ್ಟಿಗೆ ಮೊಮ್ಮಗನ ಎದುರಿಗೆ ಕೂರಿಸಿ ನೋಡಿದೆ. ಆದ್ದರಿಂದ ಅವಳು ನೆನಪಿನ ಭಂಡಾರವಾಗಿದ್ದಾಳೆ. ಇನ್ನೊಬ್ಬ ಮುದುಕಿಯ ಪಕ್ಕದಲ್ಲಿ ಕೂರಿಸಿ ನೋಡಿದ್ದು ಕಡಿಮೆ. ಆದ್ದರಿಂದ ಅವಳ ಮರೆವು, ಅವಳ ಸಣ್ಣಪುಟ್ಟ ಕಳವಳ ಇವು ನಮ್ಮ ಬರಹದಲ್ಲಿ ಹೊರಗುಳಿದಿವೆ. ಎಲ್ಲಿ ಇಬ್ಬರು ಹೆಂಗಸರನ್ನು ಜತೆಯಾಗಿ ಕೂರಿಸಲಾಗಿದೆಯೋ ಅಲ್ಲಿ ಬರಹಕ್ಕೆ ಬೇರೊಂದು ಜೀವ ಬಂದಿದೆ. ಗಡಿನಾಡಿನಲ್ಲಿರುವ ನಮಗೆ ಈ ವಿಚಾರ ಸಾಹಿತ್ಯವಿಮರ್ಶೆಯಷ್ಟಕ್ಕೇ ನಿಲ್ಲತಕ್ಕದ್ದಲ್ಲ. ಅದೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

೨

ಮೊದಲು ಎಲ್ಲರೂ ಬಲ್ಲ ಅಜ್ಜಿಯನ್ನು ತೆಗೆದುಕೊಳ್ಳೋಣ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಪ್ರಕಟವಾದದ್ದು ೧೯೬೮ರಲ್ಲಿ. ೧೯೭೭ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಕಾರಂತರಿಗೆ ಬಂದಾಗ ನಾಡಿನ ಮನೆಮನೆಗಳಲ್ಲಿ ಆಕೆಯ ಹೆಸರು ಕೇಳಿಬಂದಿತು. ಎಳವೆಯಲ್ಲಿಯೇ ವಿಧವೆಯಾಗಿ, ಬಹುಕಾಲ ಮಾತೇ ಆಡದೆ ಇದ್ದುದರಿಂದ ಮೂಕಿ ಎನಿಸಿಕೊಂಡು, ಮುಪ್ಪಿನಲ್ಲಿ ಮೊಮ್ಮಗ ಸುಬ್ಬರಾಯನೊಡನೆ ಮನಸ್ಸು ಬಿಚ್ಚುವ ಈ ಅಜ್ಜಿ ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಸಾಕು, ಅದರ ಹಿಂದಣ ಕಾಲವೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ಮಾನವನ ಆದಿಕಾಲ, ದೇವರುಗಳ ಹುಟ್ಟು, ಸಂಸಾರ ಸಂನ್ಯಾಸಗಳ ತಿಕ್ಕಾಟ ಇವೆಲ್ಲವನ್ನೂ ಅವಳ ಬಾಯಿಂದ ಕಾರಂತರು ವಿಚಾರಕ್ಕೆ ತರುತ್ತಾರೆ. ಮರೆವೆಂಬುದು ಇವಳ ಹತ್ತಿರ ಸುಳಿಯುವಂತಿಲ್ಲ. ತಾನು ಹುಟ್ಟುವ ಮೊದಲಿನದನ್ನು ಕೂಡ ಬಲ್ಲವಳಿಗೆ ನಿನ್ನೆಯದು ಮರೆತೀತೆ?

ಕಾದಂಬರಿಯ ದೊಡ್ಡತನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಮರ್ಶಕರು ಸಾಮಾನ್ಯವಾಗಿ ಹೊರಳಿಸಿಬಿಡುವ ಪುಟಗಳನ್ನು ಇಲ್ಲಿ ಜ್ಞಾಪಿಸಬೇಕು. ಮೂಕಜ್ಜಿಗೆ ತಿಪ್ಪಜ್ಜಿಯೆಂಬ ಬಾಲ್ಯದ ಗೆಳತಿಯೊಬ್ಬಳಿದ್ದಾಳೆ. ಅವಳ ವಿಷಯ ಬಂದಾಗ ಮೂಕಜ್ಜಿ ಇತಿಹಾಸದ ದ್ರಷ್ಟಾರಳಲ್ಲ. ಜತೆಯಲ್ಲಿ ಆಡಿದವಳ ಮುಖವನ್ನು ನೆನೆಯುವ ಒಬ್ಬ ಹೆಂಗಸು. ಸುಬ್ಬರಾಯನೆದುರಿಗೆ ಅವಳು ಹೇಳುವುದು ತಿಳಿವಳಿಕೆಯ ಮಾತು. ಗೆಳತಿಯ ವಿಷಯದಲ್ಲಿ ಅವಳದು ಅಂತಃಕರಣದ ಮಾತು. ಮೊಮ್ಮಗ ಕೇಳುವುದು ಲೋಕದ ಪ್ರಶ್ನೆ. ಗೆಳತಿಗೆ ಪ್ರಶ್ನೆಯೇ ಬೇಕಿಲ್ಲ, ಅವಳು ಜತೆಗಿದ್ದವಳು. ಮೂಕಜ್ಜಿಗೆ ಜ್ಞಾನ ದೃಷ್ಟಿಯಿಂದ ಬಂದಿರಬಹುದು, ಆದರೆ ಅವಳು ಮನುಷ್ಯಳೆಂದು ನಮಗೆ ನಂಬಿಕೆ ಹುಟ್ಟುವುದು ತಿಪ್ಪಜ್ಜಿಯಿಂದ. ಕಾರಂತರು ಈ ಗೆಳೆತನಕ್ಕೆ ಇನ್ನಷ್ಟು ಎಡೆ ಕೊಟ್ಟಿದ್ದರೆ ಕಾದಂಬರಿಯ ವಿಚಾರಭಾರ ಸ್ವಲ್ಪ ಹಗುರವಾಗುತ್ತಿತ್ತೆಂಬುದು ನಮ್ಮ ವಿನಯಪೂರ್ವಕವಾದ ಅಭಿಪ್ರಾಯ.

ಇದೇ ಲೇಖಕರು ೧೯೪೦ರ ದಶಕದ ಆರಂಭದಲ್ಲಿ ತಂದ ‘ಮರಳಿ ಮಣ್ಣಿಗೆ’ಯಲ್ಲಿ ಈ ಕೊರತೆ ಇಲ್ಲವೆಂದು ಹೇಳಲು ನಮಗೆ ಸಂತೋಷವಾಗುತ್ತದೆ. ಕಡಲ ಕರೆಯ ಕೋಡಿಯಲ್ಲಿ ರಾಮ ಐತಾಳರ ಹೆಂಡತಿ ಪಾರೋತಿ, ಅವರ ತಂಗಿ ಸರಸೋತಿ. ಒಬ್ಬಳಿಗೆ ಮಕ್ಕಳಿಲ್ಲ; ಇನ್ನೊಬ್ಬಳಿಗೆ ಗಂಡನಿಲ್ಲ. ಲೌಕಿಕದ ಲೆಕ್ಕದಲ್ಲಿ ಅತ್ತಿಗೆ ನಾದಿನಿಯರು ಪರಸ್ಪರ ಹಗೆಗಳಾಗಿರಬೇಕು. ನಮ್ಮ ಗಾದೆಗಳೂ ಅದನ್ನೇ ಹೇಳುತ್ತವೆ. ಕಾರಂತರು ಆ ಗಾದೆಯನ್ನು ಸುಳ್ಳು ಮಾಡಿದ್ದಾರೆ. ಗದ್ದೆಯ ಕೆಲಸ, ಕೊಟ್ಟಿಗೆಯ ಕೆಲಸ, ಮಳೆಗಾಲದಲ್ಲಿ ನೀರಿನಲ್ಲಿ ತೇಲಿಬರುವ ಕಟ್ಟಿಗೆಯನ್ನು ಜೀವದ ಹಂಗು ತೊರೆದು ಹಿಡಿಯುವ ಕೆಲಸ, ಇವೆಲ್ಲದರಲ್ಲಿಯೂ ಈ ಇಬ್ಬರು ಒಂದು ನೊಗದ ಎರಡು ಎತ್ತುಗಳಂತೆ ದುಡಿಯುತ್ತಾರೆ. ಐತಾಳರು ಇನ್ನೊಂದು ಮದುವೆಯಾದಾಗ ಪಾರೋತಿಯ ನೋವನ್ನು ಬಾಯಿಬಿಡದೆ ಹಂಚಿಕೊಳ್ಳುವವಳು ಸರಸೋತಿ. ‘ನೀನು ನನ್ನ ಗೆಳತಿ’ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವ ಸಂಸ್ಕೃತಿ ಆ ಮನೆಯಲ್ಲಿಲ್ಲ. ಹೊರೆಯ ಒಂದು ತುದಿಗೆ ಕೈಕೊಡುವುದೇ ಅವರ ಮಾತು. ಮುಂದೆ ನಾಗವೇಣಿ ಸೊಸೆಯಾಗಿ ಬಂದು ಗಂಡನಿಂದ ಪಾಡುಪಟ್ಟಾಗ ಅವಳಿಗೆ ಆಸರೆಯಾಗುವವಳೂ ಸರಸೋತಿಯೇ. ಒಂದು ಸಖ್ಯ ಹೀಗೆ ಮುಂದಿನ ತಲೆಮಾರಿಗೆ ದಾಟಿಬರುತ್ತದೆ. ಕನ್ನಡದಲ್ಲಿ ಹೆಂಗಸರ ಸ್ನೇಹಕ್ಕೆ ಇಷ್ಟು ಘನತೆ ತಂದ ಕೃತಿಗಳು ವಿರಳ.

೩

ಇಬ್ಬರು ಹೆಂಗಸರು ಒಂದು ಕೆಲಸದ ಎರಡು ಕಡೆ ಕೂತಾಗ ಏನಾಗುತ್ತದೆಂಬುದಕ್ಕೆ ಕಾದಂಬರಿಗಿಂತ ಹಳೆಯ ಸಾಕ್ಷಿಯೊಂದು ನಮ್ಮಲ್ಲಿದೆ. ಅದು ಬೀಸುವ ಕಲ್ಲು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ನಮ್ಮ ವಿದ್ವಾಂಸರು ಹೆಂಗಸರ ತ್ರಿಪದಿಗಳ ಸೊಗಸನ್ನು ಕಂಡು ಬೆರಗಾದರು. ತವರಿನ ಹಂಬಲ, ಅಣ್ಣನ ಪ್ರೀತಿ, ಮಗುವಿನ ಆಟ ಇವುಗಳ ಮೇಲೆ ಅಂದಿನಿಂದ ಎಷ್ಟೋ ಪ್ರಬಂಧಗಳು ಬಂದಿವೆ. ಹಾಡಿನ ಅರ್ಥವನ್ನು ನಾವು ಚೆನ್ನಾಗಿಯೇ ವಿವರಿಸಿದೆವು. ಹಾಡುವ ಕ್ರಮವನ್ನು ಅಷ್ಟಾಗಿ ಗಮನಿಸಲಿಲ್ಲ. ಒಂದು ಗೂಟಕ್ಕೆ ಇಬ್ಬರು ಕೈಹಾಕಿ ಬೀಸುವಾಗ ಒಬ್ಬಳು ಸೊಲ್ಲು ಎತ್ತುತ್ತಾಳೆ. ಇನ್ನೊಬ್ಬಳು ಅದನ್ನು ಹಿಡಿಯುತ್ತಾಳೆ. ಮೊದಲನೆಯವಳಿಗೆ ಮುಂದಿನ ನುಡಿ ಬಾರದೆ ತಡೆದರೆ ಕಲ್ಲು ನಿಲ್ಲುವುದಿಲ್ಲ. ಎರಡನೆಯವಳು ಎತ್ತಿಕೊಡುತ್ತಾಳೆ, ಇಲ್ಲವೆ ಹಿಂದಿನ ಸೊಲ್ಲನ್ನೇ ಇನ್ನೊಂದು ಸಲ ಹಾಡುತ್ತಾಳೆ. ಅಷ್ಟರಲ್ಲಿ ಮರೆತದ್ದು ನೆನಪಿಗೆ ಬರುತ್ತದೆ. ಸೋಬಾನೆಯ ಪದಗಳಲ್ಲಿಯೂ ಇದೇ ಕ್ರಮ.

ಇದರಿಂದ ತಿಳಿಯುವುದೇನು? ಈ ಹಾಡುಗಳು ಒಬ್ಬಳ ತಲೆಯಲ್ಲಿ ಇದ್ದವಲ್ಲ. ಇಬ್ಬರ ನಡುವೆ ಇದ್ದವು. ಮರೆವನ್ನು ಲೆಕ್ಕಕ್ಕೆ ಹಿಡಿದೇ ಆ ಕಾವ್ಯರೂಪ ಬೆಳೆದಿದೆ. ಮರೆಯುವುದು ಅಲ್ಲಿ ನಾಚಿಕೆಯ ವಿಷಯವಲ್ಲ. ಗೆಳತಿ ಇರುವುದೇ ಅದಕ್ಕಾಗಿ. ರಾಗಿಯ ನಾಡಾದ ನಮ್ಮ ಹೊಸೂರು, ಡೆಂಕಣಿಕೋಟೆ, ತಳಿಗಳ ಹಳ್ಳಿಗಳಲ್ಲಿಯೂ ಹಿಟ್ಟಿನ ಮಿಷನ್ನು ಬಂದ ಮೇಲೆ ಬೀಸುವ ಕಲ್ಲು ಹಿತ್ತಿಲು ಸೇರಿತು. ಹೆಂಗಸರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು; ಅದು ಒಳ್ಳೆಯದೇ. ನಸುಕಿನಲ್ಲೆದ್ದು ಮನೆಮಂದಿಗೆಲ್ಲ ಹಿಟ್ಟು ಬೀಸುವ ದಂಡನೆಯನ್ನು ಹಾಡಿನ ಮೋಹದಿಂದ ಹೊಗಳುವುದು ಗಂಡಸರಾದ ನಮಗೆ ಸಲ್ಲದು. ಆದರೆ ಕಲ್ಲಿನ ಜತೆಗೆ ಎದುರಿನ ಪೀಠವೂ ಹೋಯಿತು. ಆಮೇಲೆ ಸಂಗ್ರಹಕಾರರು ಬಂದು ಒಬ್ಬಳೇ ಮುದುಕಿಯನ್ನು ಎದುರಿಗೆ ಕೂರಿಸಿಕೊಂಡು ‘ಹಾಡಜ್ಜಿ’ ಎಂದಾಗ ಅವಳು ಅರ್ಧಕ್ಕೆ ನಿಂತು ‘ಮರೆತುಹೋಯಿತಪ್ಪ’ ಎಂದಳು. ‘ಮಾಹಿತಿದಾರಳಿಗೆ ಜ್ಞಾಪಕಶಕ್ತಿ ಸಾಲದು’ ಎಂದು ನಾವು ಬರೆದುಕೊಂಡೆವು. ತಪ್ಪು ಅವಳ ಜ್ಞಾಪಕದಲ್ಲಿರಲಿಲ್ಲ, ನಮ್ಮ ಏರ್ಪಾಡಿನಲ್ಲಿತ್ತು.

೪

ಇನ್ನು ದಿನದಿನದ ಕಳವಳದ ವಿಷಯ. ದೊಡ್ಡ ದುಃಖವನ್ನು ಬಣ್ಣಿಸುವುದರಲ್ಲಿ ನಮ್ಮ ಲೇಖಕರು ಸಮರ್ಥರು. ವೈಧವ್ಯ, ಪುತ್ರಶೋಕ, ಬಡತನ ಇವುಗಳಿಗೆ ಕನ್ನಡದಲ್ಲಿ ಮಾತಿನ ಬರವಿಲ್ಲ. ಬಾಗಿಲಿಗೆ ಅಗುಳಿ ಹಾಕಿದೆನೋ ಇಲ್ಲವೋ, ಹಸುವಿಗೆ ನೀರಿಟ್ಟರೋ ಇಲ್ಲವೋ, ಬಸ್ಸಿನಲ್ಲಿ ಹೋದ ಹುಡುಗ ಮುಟ್ಟಿದನೋ ಇಲ್ಲವೋ ಎಂಬಂಥ ಚಿಂತೆ, ಮುದುಕಿಯರ ಹಗಲಿನ ಬಹುಪಾಲನ್ನು ತುಂಬುವ ಚಿಂತೆ, ಬರೆಯತಕ್ಕ ವಸ್ತುವೆಂದು ಹೆಚ್ಚಿನವರಿಗೆ ತೋರಿಲ್ಲ. ಪಿ. ಲಂಕೇಶರ ‘ಅವ್ವ’ ಕವಿತೆ ಈ ವಿಷಯದಲ್ಲಿ ಒಂದು ಹೊಸ ಹಾದಿಯನ್ನು ತೆರೆಯಿತೆಂದು ನಾವು ತಿಳಿದಿದ್ದೇವೆ. ಪುರಾಣದ ಪತಿವ್ರತೆಯರ ಪಂಕ್ತಿಯಲ್ಲಿ ತಾಯಿಯನ್ನು ಕೂರಿಸದೆ, ಹೊಲ ದನ ಕೂಲಿ ಮಕ್ಕಳು ಎಂದು ಬೇಯುವ ಒಬ್ಬ ಹೆಂಗಸನ್ನಾಗಿ ತೋರಿಸಿ, ಅವಳ ಬೈಗುಳಕ್ಕೂ ಕಳವಳಕ್ಕೂ ಆ ಕವಿ ಕಾವ್ಯದಲ್ಲಿ ಜಾಗ ಮಾಡಿಕೊಟ್ಟರು. ಆದರೂ ಅಲ್ಲಿ ನೋಡುತ್ತಿರುವವನು ಮಗ. ಅವ್ವನಿಗೆ ಕಷ್ಟಸುಖ ಹೇಳಿಕೊಳ್ಳಲು ಯಾರಿದ್ದರೆಂಬುದು ಕವಿತೆಯ ಹೊರಗೇ ಉಳಿಯುತ್ತದೆ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಎಳೆಯ ವಯಸ್ಸಿನಲ್ಲಿ ವಿಧವೆಯಾದ ಫಣಿಯಮ್ಮ ಮಲೆನಾಡಿನ ಮನೆಗಳಲ್ಲಿ ದುಡಿಯುತ್ತ, ಬಾಣಂತಿತನ ಮಾಡುತ್ತ, ಯಾರನ್ನೂ ನೋಯಿಸದೆ ನೂರು ವರ್ಷ ದಾಟಿ ಬದುಕಿದವಳು. ಮಡಿಯ ಹೆಂಗಸಾಗಿದ್ದೂ ಕಷ್ಟದ ಹೆರಿಗೆಯಲ್ಲಿ ಜಾತಿ ನೋಡದೆ ಕೈಕೊಟ್ಟವಳು. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಣಿಯ ಪಕ್ಷ ವಹಿಸಿದವಳು. ಈ ಕಥೆ ಲೇಖಕಿಗೆ ಹೇಗೆ ದೊರೆಯಿತೆಂಬುದು ನಮ್ಮ ವಿಷಯಕ್ಕೆ ಮುಖ್ಯ. ಫಣಿಯಮ್ಮ ಅದನ್ನು ಹೇಳಿಕೊಂಡದ್ದು ಲೇಖಕಿಯ ತಾಯಿಗೆ. ತಾಯಿ ಅದನ್ನು ಮಗಳಿಗೆ ಹೇಳಿದರು. ಗಂಡಸರ ಎದುರಿಗೆ ಬಾಯಿಬಿಡದ ಹೆಂಗಸು ಇನ್ನೊಬ್ಬ ಹೆಂಗಸಿನ ಹತ್ತಿರ, ಕೆಲಸದ ನಡುವೆ, ತನ್ನ ಬಾಳನ್ನು ಬಿಚ್ಚಿದಳು. ಆ ಒಂದು ಸಖ್ಯವಿಲ್ಲದಿದ್ದರೆ ಕನ್ನಡಕ್ಕೆ ಈ ಕಾದಂಬರಿಯೇ ಇಲ್ಲ. ಕುಂದಾಪುರದ ಕಡೆಯ ಆಡುನುಡಿಯನ್ನು ಬಲ್ಲ ವೈದೇಹಿಯವರ ಕಥೆಗಳಲ್ಲಿಯೂ ಅಡಿಗೆಮನೆ ಹಿತ್ತಿಲುಗಳ ಮಾತುಕತೆಗೆ ಇಂಥ ಮರ್ಯಾದೆ ದೊರೆತಿದೆ. ಅವರ ‘ಕ್ರೌಂಚಪಕ್ಷಿಗಳು’ ಸಂಕಲನಕ್ಕೆ ೨೦೦೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯೋಗ್ಯವೇ ಸರಿ.

ಇಲ್ಲಿ ತ್ರಿವೇಣಿಯವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ೧೯೨೮ರಲ್ಲಿ ಹುಟ್ಟಿ ೧೯೬೩ರಲ್ಲಿಯೇ ತೀರಿಕೊಂಡ ಈ ಲೇಖಕಿ ಮನೋವ್ಯಾಪಾರದ ಕಾದಂಬರಿಗಳಿಗೆ ಹೆಸರಾದವರು. ಅವರ ‘ಕಾಶೀಯಾತ್ರೆ’ ಮುದುಕಿಯೊಬ್ಬಳ ಹಂಬಲದ ಕಥೆ. ಕಾಶಿಗೆ ಹೋಗಬೇಕೆಂದು ಕೂಡಿಟ್ಟ ಹಣವನ್ನು ಅವಳು ಅನಾಥ ಹುಡುಗಿಯೊಬ್ಬಳ ಮದುವೆಗೆ ಕೊಟ್ಟುಬಿಡುತ್ತಾಳೆ. ಕಾದಂಬರಿಗಿಂತಲೂ ಅದನ್ನು ಓದಿಸಿಕೊಂಡ ಒಬ್ಬ ಅಜ್ಜಿಯ ವೃತ್ತಾಂತ ಈಗ ಹೆಚ್ಚು ಪ್ರಸಿದ್ಧವಾಗಿದೆ. ಸುಧಾ ಮೂರ್ತಿಯವರು ಇಂಗ್ಲಿಷಿನಲ್ಲಿ ಬರೆದ, ೨೦೦೪ರಲ್ಲಿ ಪುಸ್ತಕವಾಗಿ ಬಂದ ಆ ಬರಹ ಎಷ್ಟೋ ಶಾಲೆಗಳ ಪಾಠಪುಸ್ತಕಗಳಲ್ಲಿ ಸೇರಿದೆ. ‘ಕರ್ಮವೀರ’ದಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ‘ಕಾಶೀಯಾತ್ರೆ’ಯನ್ನು ಮೊಮ್ಮಗಳು ಪ್ರತಿ ವಾರವೂ ಓದಿ ಹೇಳಬೇಕು. ಅವಳು ಮದುವೆಯ ಮನೆಗೆ ಹೋಗಿ ಒಂದು ವಾರ ಉಳಿದಾಗ ಪತ್ರಿಕೆ ಬಂದಿತು. ಅಜ್ಜಿಗೆ ಅಕ್ಷರ ಬಾರದು. ಆ ಅಸಹಾಯಕತೆಯಿಂದ ಅರುವತ್ತೆರಡನೆಯ ವಯಸ್ಸಿನಲ್ಲಿ ಆಕೆ ಓದು ಕಲಿತು, ದಸರೆಯ ಸರಸ್ವತೀಪೂಜೆಯ ದಿನ ಮೊಮ್ಮಗಳ ಕಾಲಿಗೆ ಗುರುವೆಂದು ನಮಸ್ಕಾರ ಮಾಡಿದಳು.

ನಾವು ಉಪಾಧ್ಯಾಯರು ಈ ಪಾಠವನ್ನು ಅಕ್ಷರದ ಮಹಿಮೆಯೆಂದು ಬೋಧಿಸುತ್ತೇವೆ. ಅದು ನಿಜವೇ. ಆದರೆ ಅದರಲ್ಲಿ ಇನ್ನೊಂದು ಸಣ್ಣ ಸಂಗತಿಯಿದೆ. ಮೊಮ್ಮಗಳಿಂದ ಕೇಳಿದ ಕಥೆಯನ್ನು ಅಜ್ಜಿ ತನ್ನಲ್ಲಿಯೇ ಇಟ್ಟುಕೊಳ್ಳುತ್ತಿರಲಿಲ್ಲ. ಸಂಜೆ ದೇವಸ್ಥಾನದ ಅಂಗಳದಲ್ಲಿ ಗೆಳತಿಯರೊಡನೆ ಕೂತು ಅದನ್ನು ಚರ್ಚಿಸುತ್ತಿದ್ದಳು. ಪಕ್ಕದಲ್ಲಿ ಆಡುತ್ತಿದ್ದ ಮಕ್ಕಳಿಗೆ ಆ ವಾಗ್ವಾದದ ಅರ್ಥ ತಿಳಿಯುತ್ತಿರಲಿಲ್ಲ. ಇದಕ್ಕೆ ವಿಮರ್ಶಾಗೋಷ್ಠಿಯೆಂಬ ಹೆಸರಲ್ಲದೆ ಬೇರೆ ಹೆಸರು ನಮಗೆ ತೋಚದು. ಕಾಶಿಯನ್ನು ಕಾಣದ ಮುದುಕಿಯರು, ಕಾಶಿಗೆ ಹೋಗಲಾರದ ಮುದುಕಿಯ ಕಥೆಯನ್ನು ತೂಗಿನೋಡುತ್ತಿದ್ದರು. ಅಜ್ಜಿಗೆ ಆ ವಾರ ಅಷ್ಟು ಕಳವಳವಾದದ್ದು ಕಥೆ ತಿಳಿಯಲಿಲ್ಲವೆಂದು ಮಾತ್ರವಲ್ಲ, ಗೆಳತಿಯರೆದುರಿಗೆ ಬರಿಗೈಯಲ್ಲಿ ಹೋಗಬೇಕಾಯಿತೆಂದೂ ಇರಬಹುದೆಂದು ನಾವು ಊಹಿಸುತ್ತೇವೆ. ಕಲಿಯುವ ಹಟಕ್ಕೆ ಗೆಳೆತನವೂ ಒಂದು ಕಾರಣವೆಂದು ಪಾಠ ಮಾಡುವಾಗ ನಾವು ಹೇಳತಕ್ಕದ್ದು.

೫

ಮರೆವಿನ ವಿಷಯಕ್ಕೆ ಬಂದರೆ ನಮ್ಮ ಸಾಹಿತ್ಯ ಇನ್ನೂ ಸಂಕೋಚಪಡುತ್ತದೆ. ಅರಳುಮರಳೆಂಬ ಒಂದು ಮಾತನ್ನು ಹೇಳಿ ಮುಗಿಸುವುದು, ಇಲ್ಲವೆ ಮರೆವನ್ನು ನಗೆಗೆ ವಸ್ತುವಾಗಿ ಮಾಡುವುದು ರೂಢಿ. ಮುಪ್ಪಿನ ಸಾಮಾನ್ಯ ಮರೆವು ಬೇರೆ, ಮಿದುಳನ್ನು ಕ್ರಮೇಣ ಕುಗ್ಗಿಸುವ ರೋಗ ಬೇರೆ ಎಂಬ ವಿವೇಕ ಈಗ ವೈದ್ಯಶಾಸ್ತ್ರದಿಂದ ನಮಗೆ ದೊರೆತಿದೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆತು ಆಮೇಲೆ ನೆನೆಸಿಕೊಳ್ಳುವುದು ವಯಸ್ಸಿನ ಧರ್ಮ. ನಿತ್ಯ ನಡೆದ ಬೀದಿಯಲ್ಲಿ ದಾರಿ ತಪ್ಪುವುದು, ಮನೆಯವರ ಗುರುತು ಹತ್ತದಿರುವುದು ವೈದ್ಯರಿಗೆ ತೋರಿಸತಕ್ಕ ಲಕ್ಷಣ. ಆಲ್ಝೈಮರ್ ಎಂಬ ಜರ್ಮನ್ ವೈದ್ಯರು ೧೯೦೬ರಲ್ಲಿ ಈ ರೋಗವನ್ನು ಮೊದಲು ವಿವರಿಸಿದಾಗ ಅವರ ಮುಂದಿದ್ದ ರೋಗಿಯೂ ಒಬ್ಬ ಹೆಂಗಸೇ. ನಮ್ಮವರೇ ಈ ವಿಷಯವನ್ನು ತೆಗೆದುಕೊಂಡದ್ದಕ್ಕೆ ೨೦೧೬ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಚಲನಚಿತ್ರ ಪ್ರಸಿದ್ಧ ನಿದರ್ಶನ. ಅಲ್ಲಿ ಮರೆತವನು ತಂದೆ, ಹುಡುಕುವವನು ಮಗ.

ಇದಕ್ಕೆ ಹೋಲಿಸಿ ನೋಡಲು ಇಂಗ್ಲಿಷಿನ ಒಂದು ಕಾದಂಬರಿ ನಮಗೆ ಸಹಾಯಕವಾಗಿದೆ. ಎಮ್ಮಾ ಹೀಲಿ ಎಂಬ ಲೇಖಕಿ ೨೦೧೪ರಲ್ಲಿ ಪ್ರಕಟಿಸಿದ ‘ಎಲಿಜಬೆತ್ ಈಸ್ ಮಿಸಿಂಗ್’ ಎಂಬ ಕೃತಿಯಲ್ಲಿ ಮಾಡ್ ಎಂಬ ಮುದುಕಿಗೆ ನೆನಪು ಕುಸಿಯುತ್ತಿದೆ. ತನ್ನ ಗೆಳತಿ ಎಲಿಜಬೆತ್ ಕಾಣೆಯಾಗಿದ್ದಾಳೆಂಬುದೊಂದೇ ಅವಳ ಮನಸ್ಸಿನಲ್ಲಿ ನಿಂತ ಕಳವಳ. ಮರೆಯದಿರಲೆಂದು ಚೀಟಿಗಳ ಮೇಲೆ ಬರೆದು ಕಿಸೆಯಲ್ಲಿಟ್ಟುಕೊಳ್ಳುತ್ತಾಳೆ, ಕಂಡವರನ್ನೆಲ್ಲ ಕೇಳುತ್ತಾಳೆ, ಯಾರೂ ಅವಳ ಮಾತನ್ನು ಗಣನೆಗೆ ತರುವುದಿಲ್ಲ. ಯುದ್ಧ ಮುಗಿದ ಹೊಸದರಲ್ಲಿ ಕಾಣೆಯಾದ ಅವಳ ಅಕ್ಕನ ನೆನಪು ಈ ಕಳವಳದೊಳಗೆ ಬೆರೆತುಹೋಗಿರುತ್ತದೆ. ಕೊನೆಗೆ ಹಳೆಯ ರಹಸ್ಯವೊಂದನ್ನು ಹೊರಗೆಡಹುವುದು, ಯಾರೂ ನಂಬದಿದ್ದ ಆ ಮುದುಕಿಯ ಹಟವೇ. ಮರೆತವಳ ಮಾತಿನಲ್ಲಿಯೂ ಅರ್ಥವಿದೆ, ಅದನ್ನು ಕೇಳುವ ತಾಳ್ಮೆ ಉಳಿದವರಿಗೆ ಬೇಕು ಎಂಬುದನ್ನು ಆ ಕಾದಂಬರಿ ಉಪದೇಶವಿಲ್ಲದೆ ಮನಗಾಣಿಸುತ್ತದೆ.

ಆದರೆ ಮಾಡ್‌ಗೆ ಅಕ್ಷರ ಬರುತ್ತಿತ್ತು, ಚೀಟಿಗಳಿದ್ದವು. ನಮ್ಮ ಹಳ್ಳಿಯ ಎಷ್ಟೋ ಮುದುಕಿಯರಿಗೆ ಚೀಟಿಯಿಲ್ಲ. ಅವರಿಗೆ ಗೆಳತಿಯೇ ಚೀಟಿ.

೬

ಈಗ ನಮ್ಮ ನಾಡಿನ ವಿಷಯಕ್ಕೆ ಬರುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ನೋಂದಣಿಯ ಕೇಂದ್ರದಲ್ಲಿ ನಾವು ಸರದಿಯಲ್ಲಿ ನಿಂತಿದ್ದೆವು. ನಮ್ಮ ಮುಂದಿದ್ದ ಮುದುಕಿಯನ್ನು ಜಿಲ್ಲೆ ಯಾವುದೆಂದು ಕೇಳಿದರು. ‘ಸೇಲಂ’ ಎಂದಳು. ಯಂತ್ರದ ಮುಂದೆ ಕೂತಿದ್ದ ಹುಡುಗ ನಕ್ಕು, ‘ಪಾಟಿಗೆ ಮರೆವು’ ಎಂದು ಪಕ್ಕದವನಿಗೆ ತಮಿಳಿನಲ್ಲಿ ಹೇಳಿದ. ಅವಳಿಗೆ ಮರೆವಿರಲಿಲ್ಲ. ೧೯೬೫ರವರೆಗೆ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು; ಆಮೇಲೆ ಧರ್ಮಪುರಿ ಜಿಲ್ಲೆಯಾಯಿತು; ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಮದರಾಸು ರಾಜ್ಯವೆಂಬ ಹೆಸರು ಹೋಗಿ ತಮಿಳುನಾಡು ಎಂಬ ಹೆಸರು ಬಂದದ್ದು ೧೯೬೯ರಲ್ಲಿ. ಮನೆಯ ಹೊಸಿಲು ಬದಲಾಯಿಸದೆ ಮೂರು ಜಿಲ್ಲೆಗಳಲ್ಲಿ ಬಾಳಿದ ಹೆಂಗಸು ಮೊದಲು ಕಲಿತ ಹೆಸರನ್ನು ಹೇಳಿದಳು. ನಾವು ಏನಾದರೂ ಹೇಳುವ ಮೊದಲೇ ಅವಳ ಜತೆಗೆ ಬಂದಿದ್ದ ಇನ್ನೊಬ್ಬ ಮುದುಕಿ, ‘ಅಕ್ಕಯ್ಯ, ಈಗ ಕೃಷ್ಣಗಿರಿ ಅನ್ನಬೇಕು’ ಎಂದು ಮೆಲ್ಲಗೆ ತಿದ್ದಿದಳು. ‘ಹೌದಲ್ಲವೇನೇ, ಕೃಷ್ಣಗಿರಿ’ ಎಂದು ಇವಳು ಒಪ್ಪಿದಳು. ಯಾರಿಗೂ ಅವಮಾನವಾಗದಂತೆ ಕೆಲಸ ನಡೆಯಿತು. ಈ ಲೇಖನದ ಬೀಜ ನಮ್ಮ ಮನಸ್ಸಿನಲ್ಲಿ ಬಿದ್ದದ್ದು ಅಂದು.

ನಮ್ಮ ಬೀದಿಯಲ್ಲಿಯೂ ಇಂಥದೊಂದು ಜೋಡಿಯಿತ್ತು. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ತೆಲುಗು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಕೂತು, ಒಂದೇ ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟಿಕೊಂಡು, ಎರಡು ಭಾಷೆಗಳನ್ನು ಕಲಸಿ ಮಾತಾಡುತ್ತಿದ್ದರು. ‘ಮಾತ್ರೆ ನುಂಗಿದೆನೇನೇ?’ ಎಂದು ಒಬ್ಬರು ಕೇಳಿದರೆ, ‘ನುಂಗಿದಿರಿ, ನನ್ನೆದುರಿಗೇ ನುಂಗಿದಿರಿ’ ಎಂದು ಇನ್ನೊಬ್ಬರು ಹೇಳುತ್ತಿದ್ದರು. ನಾಳೆ ಈ ಪ್ರಶ್ನೋತ್ತರ ಅದಲುಬದಲಾಗುತ್ತಿತ್ತು. ತೆಲುಗಿನ ಅಮ್ಮ ತೀರಿಕೊಂಡ ಮೇಲೆ ಕನ್ನಡದ ಅಮ್ಮ ಜಗಲಿಗೆ ಬರುವುದು ಕಡಿಮೆಯಾಯಿತು. ಅವರ ಮರೆವು ಒಮ್ಮೆಗೇ ಹೆಚ್ಚಿತೆಂದು ಮನೆಯವರು ಹೇಳಿದರು. ಹೆಚ್ಚಿತೋ, ಅಲ್ಲ, ಅದುವರೆಗೆ ಅದನ್ನು ಮುಚ್ಚಿಡುತ್ತಿದ್ದವರು ಹೋದರೋ, ವಿಚಾರಿಸಬೇಕಾದ ಮಾತು. ಅವರು ಆಡುತ್ತಿದ್ದ ಎಷ್ಟೋ ಮಾತು ಆಮೇಲೆ ನಮ್ಮ ಕಿವಿಗೆ ಬೀಳಲಿಲ್ಲ. ಮೊಮ್ಮಕ್ಕಳೊಡನೆ ಆ ಮಾತು ಆಡಲು ಸಾಧ್ಯವಿರಲಿಲ್ಲ; ಅವರು ಓದುವುದು ತಮಿಳು, ಇಂಗ್ಲಿಷು.

ಇದನ್ನು ನಾವು ದೂರೆಂದು ಹೇಳುತ್ತಿಲ್ಲ. ೨೦೦೬ರ ಕಾನೂನಿನಂತೆ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಮೊದಲ ತರಗತಿಯಿಂದ ಕ್ರಮವಾಗಿ ಕಡ್ಡಾಯವಾಯಿತು. ಬಾಳಬೇಕಾದ ನಾಡಿನ ಭಾಷೆಯನ್ನು ಮಕ್ಕಳು ಕಲಿಯುವುದು ಒಳಿತೇ. ನಮ್ಮ ನೆರೆಯ ಮಾಲೂರು ಸೀಮೆಯಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. ಅವರು ಕನ್ನಡದ ಆಸ್ತಿಯಾದರು. ಭಾಷೆಗಳು ಒಂದು ಮನೆಯಲ್ಲಿ ಜಗಳವಾಡಬೇಕಾದ್ದಿಲ್ಲ. ಆದರೆ ಗಡಿಯ ಕನ್ನಡ ಬಹುಮಟ್ಟಿಗೆ ಬರಹದಲ್ಲಿಲ್ಲ, ಮುದುಕಿಯರ ಬಾಯಲ್ಲಿದೆ. ಅದೂ ಒಬ್ಬೊಬ್ಬಳ ಬಾಯಲ್ಲಿಲ್ಲ, ಇಬ್ಬರ ನಡುವೆ ಇದೆ. ಒಬ್ಬ ಗೆಳತಿ ಹೋದರೆ ಉಳಿದವಳಿಗೆ ಮಾತು ಮರೆಯುತ್ತದೆ. ಅವಳಿಗೆ ಮರೆತದ್ದು ಊರಿಗೇ ಮರೆತಂತೆ. ವೃದ್ಧೆಯರ ಗೆಳೆತನ ನಮ್ಮ ಪಾಲಿಗೆ ಭಾಷೆಯ ಪ್ರಶ್ನೆಯಾಗುವುದು ಈ ಕಾರಣದಿಂದ.

ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. ೨೦೨೧ರಲ್ಲಿ ಈ ರಾಜ್ಯದ ಸಾಧಾರಣ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿಲ್ಲದ ಪ್ರಯಾಣ ಆರಂಭವಾಯಿತು. ಅಂದಿನಿಂದ, ಮಗನ ಹತ್ತಿರ ಕಾಸು ಕೇಳಲು ಸಂಕೋಚಪಟ್ಟು ಮನೆಯಲ್ಲಿಯೇ ಇದ್ದ ಮುದುಕಿಯರು ಬಾಗಲೂರು, ಕೆಲಮಂಗಲಗಳ ಬಸ್ಸುಗಳಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. ಎಲ್ಲಿಗಜ್ಜಿ ಎಂದು ಕೇಳಿದರೆ, ‘ಸುಮ್ಮನೆ, ನಮ್ಮವಳೊಬ್ಬಳಿದ್ದಾಳೆ, ನೋಡಿಕೊಂಡು ಬರೋಣಾಂತ’ ಎನ್ನುತ್ತಾರೆ. ಈ ‘ಸುಮ್ಮನೆ’ ಎಂಬ ಮಾತನ್ನು ವಸ್ತುವಾಗಿಟ್ಟುಕೊಂಡು ನಮ್ಮ ತರುಣ ಕಥೆಗಾರರು ಬರೆಯಲೆಂದು ನಾವು ಹಾರೈಸುತ್ತೇವೆ.

೭

ನಮ್ಮ ವಾದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಮುದುಕಿಯರ ಹರಟೆಯಲ್ಲಿ ಚಾಡಿಯೂ ಅಸೂಯೆಯೂ ಇರುತ್ತವೆ, ಗೆಳೆತನವನ್ನು ಆದರ್ಶವಾಗಿ ಬಣ್ಣಿಸಬಾರದು ಎಂದು ಯಾರಾದರೂ ಹೇಳಬಹುದು. ನಿಜ. ಒಂದೇ ಜಗಲಿಯಲ್ಲಿ ಸೊಸೆಯರ ಮೇಲಣ ದೂರೂ ಹುಟ್ಟುತ್ತದೆ. ನಾವು ಕೇಳುವುದು ಸ್ತುತಿಯನ್ನಲ್ಲ, ಚಿತ್ರವನ್ನು. ಎರಡನೆಯದಾಗಿ, ಇಂಥ ಸಣ್ಣ ಸಂಗತಿಗಳಿಂದ ದೊಡ್ಡ ಕೃತಿ ಹುಟ್ಟೀತೆ ಎಂದು ಕೇಳಬಹುದು. ಪಾರೋತಿ ಸರಸೋತಿಯರು ಹಿಡಿದದ್ದು ನೀರಿನಲ್ಲಿ ತೇಲಿಬಂದ ಕಟ್ಟಿಗೆ. ಅದರಿಂದ ‘ಮರಳಿ ಮಣ್ಣಿಗೆ’ಯ ಘನತೆಗೆ ಕುಂದು ಬಂದಿಲ್ಲವೆಂಬುದೇ ಇದಕ್ಕೆ ನಮ್ಮ ಉತ್ತರ.

ಈ ಸಂಚಿಕೆಯನ್ನು ಓದುವವರು ಹೆಚ್ಚಾಗಿ ಉಪಾಧ್ಯಾಯರಾದ್ದರಿಂದ ಒಂದು ಪ್ರಾರ್ಥನೆಯೊಡನೆ ಮುಗಿಸುತ್ತೇವೆ. ನಮ್ಮಲ್ಲಿ ಅನೇಕರು ರಜೆಯ ದಿನಗಳಲ್ಲಿ ಹಾಡು, ಗಾದೆ, ಒಗಟುಗಳನ್ನು ಬರೆದುಕೊಳ್ಳುತ್ತಿದ್ದಾರೆ. ಇನ್ನು ಮುಂದೆ ಒಬ್ಬಳೇ ಅಜ್ಜಿಯನ್ನು ಕೂರಿಸಿ ಕೇಳಬೇಡಿ. ಅವಳ ಗೆಳತಿ ಯಾರೆಂದು ಮೊದಲು ವಿಚಾರಿಸಿ, ಆಕೆಯನ್ನೂ ಕರೆಯಿರಿ. ಇಬ್ಬರಿಗೂ ಎಲೆಅಡಿಕೆ ಕೊಡಿ. ಬೇಕಾದರೆ ಹಿತ್ತಿಲಿನ ಬೀಸುವ ಕಲ್ಲನ್ನು ತೊಳೆದು ನಡುವೆ ಇಡಿ. ಒಬ್ಬಳು ‘ಮರೆತುಹೋಯಿತು’ ಎಂದಾಗ ಪುಸ್ತಕ ಮುಚ್ಚಬೇಡಿ. ಇನ್ನೊಬ್ಬಳು ಏನು ಹೇಳುತ್ತಾಳೆಂದು ಕಾಯಿರಿ. ಅವಳು ಎತ್ತಿಕೊಟ್ಟದ್ದನ್ನು ಬರೆದುಕೊಳ್ಳಿ. ಯಾರು ಎಲ್ಲಿ ಮರೆತರು, ಯಾರು ಎತ್ತಿಕೊಟ್ಟರು ಎಂಬುದನ್ನೂ
ಬರೆದುಕೊಳ್ಳಿ. ಗೆಳತಿ ಬದುಕಿಲ್ಲವೆಂದು ತಿಳಿದರೆ ಅವಳ ಹೆಸರನ್ನಾದರೂ ಕೇಳಿ. ಆ ಹೆಸರನ್ನು ಅವಳು ಮರೆತಿರುವುದಿಲ್ಲವೆಂದು ನಮ್ಮ ನಂಬಿಕೆ.